ಪರಂಪರೆ ಮತ್ತು ಪರೀಕ್ಷೆ: ಯೋಗದ ಗುರುಪರಂಪರೆಯ ಒಂದು ದೈವಶಾಸ್ತ್ರೀಯ ವಿಮರ್ಶೆ

ಕನ್ನಡ ಧರ್ಮಸಭೆಯ ಮಾತಿನಲ್ಲಿ ‘ಗುರು’ ಎಂಬ ಪದ ಎಷ್ಟು ಸಹಜವಾಗಿ ಬೆರೆತಿದೆಯೆಂದರೆ ಅದರ ಭಾರ ನಮ್ಮ ಅರಿವಿಗೆ ಬರುವುದೇ ಅಪರೂಪ. ನಾವು ಅಧ್ಯಯನ ಮಾಡುವ ಮನೆ ಗುರುಮಠ. ನಾವು ಹೊಂದುವ ಸಂಸ್ಕಾರ ಗುರುದೀಕ್ಷೆ. ಧರ್ಮಕೇಂದ್ರದ ಜನ ನಮ್ಮನ್ನು ಕರೆಯುವುದು ಗುರುಗಳೇ ಎಂದು. ರೋಮಿನ ಪೀಠದಲ್ಲಿರುವವರನ್ನು ನಾವು ಜಗದ್ಗುರು ಎನ್ನುತ್ತೇವೆ. ಆದರೆ ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿ ಪ್ರಭು ಯೇಸು ತಮ್ಮ ಶಿಷ್ಯರಿಗೆ ಗುರುವೆನಿಸಿಕೊಳ್ಳಬಾರದೆಂದು ವಿಧಿಸುತ್ತಾರೆ. ಗುರು ಒಬ್ಬರೇ, ಉಳಿದವರೆಲ್ಲರೂ ಸಹೋದರರು ಎಂಬುದು ಅಲ್ಲಿನ ಬೋಧೆ. ಈ ಎರಡರ ನಡುವಿನ ಬಿಗಿತವನ್ನು ಭಾಷಾಂತರದ ತೊಡಕೆಂದು ಬದಿಗೆ ಸರಿಸುವುದು ಸುಲಭ. ಹಾಗೆ ಸರಿಸದೆ, ಅದನ್ನು ಒಂದು ಹೊರಗಿನ ಕನ್ನಡಿಯಲ್ಲಿ ನೋಡುವುದು ಈ ಲೇಖನದ ಪ್ರಯತ್ನ. ಆ ಕನ್ನಡಿ ಯೋಗದ ಗುರುಪರಂಪರೆ.

ಯೋಗದ ವಿಷಯ ಬಂದಾಗ ನಮ್ಮ ವಲಯದ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯಲ್ಲಿ ನಿಂತುಬಿಡುತ್ತದೆ: ಕ್ರೈಸ್ತರು ಆಸನ, ಪ್ರಾಣಾಯಾಮಗಳನ್ನು ಮಾಡಬಹುದೇ, ಬಾರದೇ? ಒಂದು ಪಕ್ಷ ಅದು ಬರಿಯ ವ್ಯಾಯಾಮವೆನ್ನುತ್ತದೆ. ಇನ್ನೊಂದು ಪಕ್ಷ ಅನ್ಯದೇವತಾರಾಧನೆಯೆನ್ನುತ್ತದೆ. ಎರಡೂ ಪಕ್ಷಗಳು ಯೋಗವನ್ನು ಗುರುವಿನಿಂದ ಬಿಡಿಸಿ ನೋಡುತ್ತವೆ. ಯೋಗಮಾರ್ಗದ ಒಳಗಿರುವವರಾದರೋ ಮೊದಲು ಕೇಳುವುದು ‘ಯಾರಿಂದ ಕಲಿತಿರಿ?’ ಎಂಬುದನ್ನು. ಆ ಪ್ರಶ್ನೆಯನ್ನೇ ನಾವು ಕೈಗೆತ್ತಿಕೊಳ್ಳುತ್ತೇವೆ. ಗುರುಪರಂಪರೆಗೆ ಬೆಲೆ ಬರುವುದು ಅದರ ಉದ್ದದಿಂದಲೋ ಪ್ರಾಚೀನತೆಯಿಂದಲೋ ಅಲ್ಲ, ಅದು ಪರೀಕ್ಷೆಗೆ ತೆರೆದುಕೊಂಡಿರುವುದರಿಂದ ಎಂಬುದು ನಮ್ಮ ವಾದ. ಈ ಅಳತೆಗೋಲು ಯೋಗಕ್ಕೆ ಸಲ್ಲುವಷ್ಟೇ ನಮ್ಮ ಗುರುದೀಕ್ಷೆಗೂ ಸಲ್ಲುತ್ತದೆ.

ಈ ವಿಚಾರಕ್ಕೆ ಗುರುವಾಯನಕೆರೆ ಒಂದು ಒಳ್ಳೆಯ ನೆಲೆ. ಮಂಗಳೂರಿನಿಂದ ಬಂಟ್ವಾಳದ ಮೂಲಕ ಚಾರ್ಮಾಡಿಗೆ ಹೋಗುವ ಹೆದ್ದಾರಿಯಲ್ಲಿರುವ ಈ ಊರಿನಲ್ಲಿ ಶಾಂತೀಶ್ವರ ಬಸದಿಯಿದೆ, ಐದು ಕಂಬಗಳ ಜೈನ ಮಂಟಪವಿದೆ. ಇಲ್ಲಿಂದ ಒಂದು ದಾರಿ ವೇಣೂರಿನ ಮೂಲಕ ಮೂಡುಬಿದಿರೆಯ ಜೈನ ಭಟ್ಟಾರಕ ಪೀಠಕ್ಕೆ ಮುಟ್ಟಿಸುತ್ತದೆ. ಪಶ್ಚಿಮಕ್ಕೆ ಹೋದರೆ ಮಂಗಳೂರಿನ ಕದ್ರಿಯಲ್ಲಿ ನಾಥಯೋಗಿಗಳ ಮಠ. ಪೂರ್ವಕ್ಕೆ ಸಮೀಪದಲ್ಲೇ ಬೆಳ್ತಂಗಡಿ. ಸಂತ ತೋಮರಿಂದ ತನ್ನ ವಿಶ್ವಾಸದ ಮೂಲವನ್ನು ಎಣಿಸುವ ಸೀರೋ-ಮಲಬಾರ್ ಧರ್ಮಸಭೆಗೆ ಅಲ್ಲಿ 1999ರಿಂದ ಧರ್ಮಪ್ರಾಂತ್ಯವಿದೆ. ಇನ್ನೂ ಮುಂದೆ ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜು. ಅಲ್ಲಿ ಯೋಗವನ್ನು ಕಲಿಸುವುದು ಪಠ್ಯಕ್ರಮ, ಪರೀಕ್ಷೆ, ಪದವಿಗಳ ಮೂಲಕ. ಪೀಠ, ಮಠ, ಧರ್ಮಪ್ರಾಂತ್ಯ, ವಿದ್ಯಾಲಯ: ಒಂದು ತಲೆಮಾರು ಇನ್ನೊಂದಕ್ಕೆ ಕೈದಾಟಿಸುವ ನಾಲ್ಕು ಕ್ರಮಗಳು ಅರ್ಧ ದಿನದ ಪ್ರಯಾಣದೊಳಗಿವೆ. ಆದರೆ ಜಗತ್ತು ಇಂದು ‘ಯೋಗಪರಂಪರೆ’ ಎಂದಾಗ ಇವುಗಳಲ್ಲಿ ಯಾವುದನ್ನೂ ನೆನೆಯುವುದಿಲ್ಲ, ನೆನೆಯುವುದು ಮೈಸೂರನ್ನು. ಆದ್ದರಿಂದ ವಿಮರ್ಶೆ ಅಲ್ಲಿಂದಲೇ ಆರಂಭವಾಗಬೇಕು.

1. ಮೈಸೂರಿನ ಗುರುಪರಂಪರೆ

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿಯೂ ‘ಯೋಗಾಸನಗಳು’ 1941ರಲ್ಲಿಯೂ ಪ್ರಕಟವಾದವು. ಎರಡೂ ಕನ್ನಡ ಗ್ರಂಥಗಳು. ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್, ಹಾಸನ ಸೀಮೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸ್, ರಷ್ಯಾ ಮೂಲದ ಇಂದ್ರಾದೇವಿ ಇವರೆಲ್ಲ ಅವರ ಶಿಷ್ಯರು. ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರದಲ್ಲಿ ತಮ್ಮ ಸಂಸ್ಥೆಯನ್ನು ತೆರೆದರು. ಅವರ ‘ಯೋಗ ಮಾಲಾ’ 1962ರಲ್ಲಿ ಕನ್ನಡದಲ್ಲೇ ಬಂತು. ಅಯ್ಯಂಗಾರರು ಪುಣೆಯನ್ನು ಕಾರ್ಯಕ್ಷೇತ್ರವಾಗಿಸಿಕೊಂಡು 1966ರಲ್ಲಿ ‘ಲೈಟ್ ಆನ್ ಯೋಗ’ ಪ್ರಕಟಿಸಿದರು. ಇಂದು ಲೋಕದ ಮೂಲೆಮೂಲೆಯಲ್ಲಿ ನಡೆಯುವ ಆಸನಾಭ್ಯಾಸದ ಬಹುಭಾಗ ಈ ಒಂದು ಶಾಲೆಯಿಂದ ಕವಲೊಡೆದದ್ದು. ಕನ್ನಡ ಗದ್ಯವೊಂದು ಇಷ್ಟು ದೂರ ಪ್ರಭಾವ ಬೀರಿದ ಉದಾಹರಣೆಗಳು ವಿರಳ.

ಈ ಶಾಲೆ ತನ್ನ ಅಧಿಕಾರವನ್ನು ಎಲ್ಲಿಂದ ಪಡೆಯುತ್ತದೆ? ಶಿಷ್ಯವರ್ಗದಲ್ಲಿ ಪ್ರಚಲಿತವಾದ ವೃತ್ತಾಂತಗಳು ಮೂರು. ಒಂದು, ಕೃಷ್ಣಮಾಚಾರ್ಯರು ಹಿಮಾಲಯದಾಚೆ ಮಾನಸ ಸರೋವರದ ಪರಿಸರದಲ್ಲಿ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳ ಬಳಿ ಏಳೆಂಟು ವರ್ಷ ಕಲಿತರು. ಎರಡು, ವಾಮನ ಋಷಿಯದೆಂದು ಹೇಳಲಾಗುವ ‘ಯೋಗ ಕೊರುಂಟ’ ಎಂಬ ಗ್ರಂಥ ಈ ಪದ್ಧತಿಯ ಆಧಾರ. ಅದರ ಪ್ರತಿಯನ್ನು ಇರುವೆ ತಿಂದುಹಾಕಿತು. ಮೂರು, ಹದಿಹರೆಯದಲ್ಲಿ ತಮಿಳುನಾಡಿನ ಆಳ್ವಾರ್ ತಿರುನಗರಿಗೆ ಹೋಗಿದ್ದಾಗ, ಹತ್ತು ಶತಮಾನಗಳ ಹಿಂದಿನ ಶ್ರೀವೈಷ್ಣವ ಆಚಾರ್ಯ ನಾಥಮುನಿಗಳು ದರ್ಶನದಲ್ಲಿ ಅವರಿಗೆ ‘ಯೋಗರಹಸ್ಯ’ವನ್ನು ಉಪದೇಶಿಸಿದರು. ಮೂರು ವೃತ್ತಾಂತಗಳಿಗೂ ಒಂದು ಸಾಮಾನ್ಯ ಲಕ್ಷಣವಿದೆ. ಮೂಲವು ಪ್ರತಿ ಸಲವೂ ಎರಡನೆಯವರ ಕೈಗೆ ಎಟುಕದ ಸ್ಥಳದಲ್ಲಿದೆ: ದೂರದ ಗುಹೆಯಲ್ಲಿ, ಕಳೆದುಹೋದ ಓಲೆಯಲ್ಲಿ, ಒಬ್ಬರ ಅಂತರಂಗದಲ್ಲಿ.

‘ಯೋಗ ಮಕರಂದ’ದಲ್ಲಿ ಆಧಾರಗ್ರಂಥಗಳ ಉದ್ದನೆಯ ಪಟ್ಟಿಯೊಂದಿದೆ. 1996ರಲ್ಲಿ ಮೈಸೂರು ಅರಮನೆಯ ಯೋಗದ ಕುರಿತು ಪುಸ್ತಕ ಬರೆದ ಎನ್. ಇ. ಶೋಮನ್ ಆ ಪಟ್ಟಿಗೂ ಗ್ರಂಥದಲ್ಲಿ ಕಲಿಸಿರುವುದಕ್ಕೂ ಇರುವ ಸಂಬಂಧವನ್ನು ಪ್ರಶ್ನಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿರುವ 122 ಆಸನಗಳ ಚಿತ್ರಗಳನ್ನೂ ಅರಮನೆಯ ವ್ಯಾಯಾಮಶಾಲೆಯ ಪದ್ಧತಿಗಳನ್ನೂ ಅವರು ಸಮೀಪದ ಮೂಲಗಳಾಗಿ ತೋರಿಸಿದರು. 2010ರಲ್ಲಿ ಮಾರ್ಕ್ ಸಿಂಗಲ್ಟನ್ ಅದೇ ಕಾಲದ ಅಂಗಸಾಧನೆಯ ಅಲೆಯನ್ನು ಇದರೊಡನೆ ಜೋಡಿಸಿದರು. ‘ಶಾಂತಲಾ’ ಕಾದಂಬರಿಯಿಂದ ಕನ್ನಡಿಗರಿಗೆ ಪರಿಚಿತರಾದ ಬೆಂಗಳೂರಿನ ಕೆ. ವಿ. ಅಯ್ಯರ್ ಆ ಅಲೆಯ ಪ್ರಮುಖರು. ಹಠಯೋಗದ ಸ್ವಂತ ಗುರುಪರಂಪರೆಯನ್ನು ‘ಹಠಪ್ರದೀಪಿಕಾ’ ತನ್ನ ಮೊದಲ ಅಧ್ಯಾಯದಲ್ಲೇ ಎಣಿಸುತ್ತದೆ. ಆದಿನಾಥನಿಂದ ಮತ್ಸ್ಯೇಂದ್ರ, ಗೋರಕ್ಷರ ಮೂಲಕ ಸಾಗುವ ಆ ಸಿದ್ಧರ ಸಾಲು ಮೈಸೂರಿನ ವಂಶವೃಕ್ಷದಲ್ಲಿ ಕಾಣುವುದಿಲ್ಲ ಎಂಬುದನ್ನೂ ಗಮನಿಸಬೇಕು.

2. ಹೊಸತಾಗಿರುವುದು ದೋಷವೇ?

ಇಷ್ಟನ್ನು ಹೇಳಿ, ‘ನೋಡಿ, ಯೋಗಪರಂಪರೆ ಕಟ್ಟುಕಥೆ’ ಎಂದು ಮುಗಿಸುವುದು ಕೆಲವು ಕ್ರೈಸ್ತ ಲೇಖಕರ ರೂಢಿ. ಆ ಗೆಲುವು ಅಗ್ಗದ್ದು; ನ್ಯಾಯವೂ ಅಲ್ಲ. ಕೃಷ್ಣಮಾಚಾರ್ಯರು ವೇದಾಂತ, ಮೀಮಾಂಸೆ, ನ್ಯಾಯಶಾಸ್ತ್ರಗಳಲ್ಲಿ ನುರಿತ ವಿದ್ವಾಂಸರು. ಇದ್ದುದನ್ನು ಪಡೆದು, ತಮ್ಮ ಕಾಲದ ಹುಡುಗರ ದೇಹಕ್ಕೆ ಒಗ್ಗಿಸಿ, ಹೊಸ ಕ್ರಮವೊಂದನ್ನು ಕಟ್ಟಿದರು. ಜೀವಂತ ಪರಂಪರೆ ಮಾಡಬೇಕಾದ ಕೆಲಸವೇ ಅದು. ನಮ್ಮ ಆರಾಧನಾಕ್ರಮಗಳೂ ಹಾಗೆಯೇ ಬೆಳೆದವು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಕನ್ನಡದಲ್ಲಿ ಪೂಜಾರ್ಪಣೆ ಕೇಳಿದ ಮೊದಲ ತಲೆಮಾರಿನವರು ಇನ್ನೂ ನಮ್ಮ ನಡುವೆ ಇದ್ದಾರೆ.

ಯೋಗಗ್ರಂಥಗಳೇ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕವಾಗಿವೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಕೃಷ್ಣನು ವಿವಸ್ವಂತ, ಮನು, ಇಕ್ಷ್ವಾಕು ಎಂದು ಯೋಗದ ಪರಂಪರೆಯನ್ನು ಎಣಿಸುತ್ತಾನೆ. ಒಡನೆಯೇ, ದೀರ್ಘಕಾಲದಲ್ಲಿ ಆ ಯೋಗ ಲೋಕದಲ್ಲಿ ನಷ್ಟವಾಯಿತೆಂದು ಒಪ್ಪುತ್ತಾನೆ. ಪರಂಪರೆ ಎಂಬ ಮಾತೂ ಪರಂಪರೆ ಕಡಿದುಹೋದ ಮಾತೂ ಅಕ್ಕಪಕ್ಕದಲ್ಲಿವೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 26ನೆಯ ಸೂತ್ರ ಇನ್ನೂ ಮುಂದೆ ಹೋಗುತ್ತದೆ: ಈಶ್ವರನು ಕಾಲಕ್ಕೆ ಒಳಪಡದವನಾದ್ದರಿಂದ ಹಿಂದಿನ ಗುರುಗಳಿಗೂ ಅವನೇ ಗುರು. ಅಂದರೆ ಯಾವ ಮಾನವ ಗುರುವೂ ಮೂಲನಲ್ಲ; ಪ್ರತಿಯೊಬ್ಬ ಗುರುವೂ ಮೊದಲು ಶಿಷ್ಯ. ಮತ್ತಾಯನ 23ನೆಯ ಅಧ್ಯಾಯವನ್ನು ಓದಿದವರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಎರಡೂ ಒಂದೇ ಮಾತನ್ನು ಹೇಳುತ್ತವೆಯೆಂದು ನಾವು ಹೇಳುವುದಿಲ್ಲ. ಪತಂಜಲಿಯ ಈಶ್ವರ ಕ್ಲೇಶಕರ್ಮಗಳು ಸೋಕದ ವಿಶೇಷ ಪುರುಷ. ಶುಭಸಂದೇಶದ ಗುರು ಶಿಷ್ಯರ ಕಾಲು ತೊಳೆದು ಶಿಲುಬೆಯ ಮೇಲೆ ಗಾಯಗೊಂಡವರು. ಆದರೂ ಮಾನವ ಗುರುವಿಗೆ ಮಿತಿ ಹಾಕುವುದರಲ್ಲಿ ಎರಡೂ ಒಟ್ಟಾಗಿವೆ.

ಆದ್ದರಿಂದ ಮೈಸೂರಿನ ಕುರಿತು ನಮ್ಮ ಆಕ್ಷೇಪ ಅದು ಹೊಸತೆಂಬುದಲ್ಲ. ಹೊಸತನ್ನು ಹೊಸತೆಂದು ಹೇಳಲು ಸಂಕೋಚಪಟ್ಟು, ಯಾರೂ ಓದಲಾಗದ ಗ್ರಂಥದ ಹಿಂದೆ ಅದನ್ನು ನಿಲ್ಲಿಸಲಾಯಿತು. ಹಾಗೆ ನಿಲ್ಲಿಸಿದೊಡನೆ ಗುರುವಿನ ಮಾತಿನ ಮೇಲೆ ಮೇಲ್ಮನವಿ ಎಂಬುದು ಇಲ್ಲವಾಗುತ್ತದೆ. ಗ್ರಂಥ ಇರುವೆಯ ಪಾಲಾದ ಮೇಲೆ ಗುರುವೇ ಗ್ರಂಥ.

3. ಮೂಡುಬಿದಿರೆ ಮತ್ತು ಕದ್ರಿ

ಗುರುವಾಯನಕೆರೆಯಿಂದ ವೇಣೂರಿನ ದಾರಿ ಹಿಡಿದು ಹೋದರೆ ಸಿಗುವ ಮೂಡುಬಿದಿರೆಯಲ್ಲಿ ಇದಕ್ಕೆ ನೇರ ವಿರುದ್ಧವಾದ ದೃಷ್ಟಾಂತವಿದೆ. ಅಲ್ಲಿನ ಭಟ್ಟಾರಕರು ಪೀಠವೇರಿದಾಗ ತಮ್ಮ ಹೆಸರನ್ನು ಬಿಟ್ಟು ‘ಚಾರುಕೀರ್ತಿ’ ಎಂಬ ಒಂದೇ ಹೆಸರನ್ನು ತಲೆಮಾರಿನಿಂದ ತಲೆಮಾರಿಗೆ ಧರಿಸುತ್ತಾರೆ. ವ್ಯಕ್ತಿ ಹಿಂದೆ ಸರಿದು ಹೊಣೆ ಮುಂದೆ ಬರುತ್ತದೆ. ಅಲ್ಲಿನ ಗುರುಬಸದಿಗೆ ಸಿದ್ಧಾಂತ ಬಸದಿ ಎಂದೂ ಹೆಸರು. ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ‘ಧವಳಾ’ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಇಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ. ದರ್ಶನಕ್ಕಷ್ಟೇ ಇದ್ದ ಆ ಗರಿಗಳನ್ನು ಪ್ರತಿಮಾಡುವ ಕೆಲಸ 19ನೆಯ ಶತಮಾನದ ಕೊನೆಯಲ್ಲಿ ತೊಡಗಿತು. ಹಿಂಜರಿಕೆ, ವಿರೋಧಗಳನ್ನು ದಾಟಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಅಚ್ಚಾದವು. ಒಂದು ಪರಂಪರೆ ತನ್ನ ಅತಿ ಗೋಪ್ಯ ನಿಧಿಯನ್ನು, ತನ್ನನ್ನು ತಿದ್ದಬಲ್ಲ ಓದುಗರ ಮುಂದೆ ಕೊನೆಗೂ ತೆರೆದಿಟ್ಟಿತು.

ಆ ಗ್ರಂಥದಲ್ಲೇ ಅದು ಹುಟ್ಟಿದ ಕಥೆಯಿದೆ. ಗಿರಿನಗರದ ಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರಿಗೆ ತಮ್ಮೊಡನೆ ಶ್ರುತವೂ ಅಳಿದೀತೆಂಬ ಭಯ. ದಕ್ಷಿಣದಿಂದ ಇಬ್ಬರು ಯುವ ಮುನಿಗಳನ್ನು ಕರೆಸಿಕೊಂಡರು. ಬಂದವರಿಗೆ ಒಡನೆ ಪಾಠ ಹೇಳಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಮಂತ್ರ ಕೊಟ್ಟು ಸಾಧನೆಗೆ ಕಳುಹಿಸಿದರು. ಒಂದರಲ್ಲಿ ಅಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಕಡಿಮೆಯಿತ್ತು. ಸಾಧಿಸಿದಾಗ ಕಾಣಿಸಿಕೊಂಡ ದೇವತೆಯರಲ್ಲಿ ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಇನ್ನೊಬ್ಬಳಿಗೆ ಕಣ್ಣೊಂದೇ. ದೇವತೆಗಳ ರೂಪ ಹೀಗಿರಲಾರದೆಂದು ಇಬ್ಬರೂ ತರ್ಕಿಸಿದರು. ದೋಷ ಮಂತ್ರದಲ್ಲಿದೆಯೆಂದು ವ್ಯಾಕರಣದ ಬಲದಿಂದ ಕಂಡುಕೊಂಡು, ಅಕ್ಷರವನ್ನು ತಿದ್ದಿ ಮತ್ತೆ ಸಾಧಿಸಿದರು. ನಡೆದುದನ್ನು ಗುರುವಿಗೆ ಅರಿಕೆ ಮಾಡಿದಾಗ ಧರಸೇನರು ಸಂತುಷ್ಟರಾಗಿ ಬೋಧನೆ ಆರಂಭಿಸಿದರು. ಆ ಇಬ್ಬರೇ ಪುಷ್ಪದಂತ, ಭೂತಬಲಿ.

ಗುರುಭಕ್ತಿಯ ಕಥೆಗಳು ನಮ್ಮ ನಾಡಿನಲ್ಲಿ ಹೇರಳ. ಇಂಥ ಕಥೆ ವಿರಳ. ಇಲ್ಲಿ ಶಿಷ್ಯನ ಯೋಗ್ಯತೆಯನ್ನು ಅಳೆದದ್ದು ಗುರು ಕೊಟ್ಟುದನ್ನು ಕಣ್ಣುಮುಚ್ಚಿ ಜಪಿಸುವುದರಿಂದಲ್ಲ. ಗುರು ಕೊಟ್ಟುದರಲ್ಲಿನ ತಪ್ಪಕ್ಷರವನ್ನು ಹಿಡಿಯುವ ಶಕ್ತಿಯಿಂದ. ತಿದ್ದಿದವರು ಗುರುವನ್ನು ತೊರೆಯಲಿಲ್ಲ, ಬೇರೆ ಪಂಥ ಕಟ್ಟಲಿಲ್ಲ; ತಿದ್ದಿದ್ದನ್ನು ಹೊತ್ತು ಗುರುವಿನ ಬಳಿಗೇ ಬಂದರು. ಗುರುವೂ ತನ್ನನ್ನು ತಿದ್ದಬಲ್ಲವರ ಕೈಗೇ ತನ್ನ ಸರ್ವಸ್ವವನ್ನೂ ಕೊಟ್ಟರು.

ಕದ್ರಿಯದು ಇನ್ನೊಂದು ಪಾಠ. ಕ್ರಿ. ಶ. 968ರ ಶಾಸನವಿರುವ ಲೋಕೇಶ್ವರ ವಿಗ್ರಹದ ಆ ಕ್ಷೇತ್ರದಲ್ಲಿ ಮತ್ಸ್ಯೇಂದ್ರ, ಗೋರಕ್ಷರ ಸಂಪ್ರದಾಯದ ಜೋಗಿ ಮಠವಿದೆ. ಮಠದ ಅರಸರೆನಿಸಿದ ಯೋಗಿಗಳು ವಂಶದಿಂದ ಬರುವವರಲ್ಲ, ಹಿಂದಿನವರು ಹೆಸರಿಸಿದವರೂ ಅಲ್ಲ. 12 ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳದ ವೇಳೆ ನಾಥಯೋಗಿಗಳ ಸಮುದಾಯ ಆರಿಸುತ್ತದೆ. ಆರಿಸಲ್ಪಟ್ಟವರು ಯೋಗಿಗಳ ತಂಡದೊಡನೆ ತಿಂಗಳುಗಟ್ಟಲೆ ಕಾಲ್ನಡಿಗೆಯಲ್ಲಿ ಮಂಗಳೂರಿಗೆ ಬಂದು ಪಟ್ಟವೇರುತ್ತಾರೆ. ಕಳೆದ ಬಾರಿ ಅದು ನಡೆದದ್ದು 2016ರಲ್ಲಿ. ಹನ್ನೆರಡು ವರ್ಷ ಕಳೆದರೆ ಪೀಠ ಮತ್ತೊಬ್ಬರದು. ಸಿದ್ಧರ ಸಾಲು ಎಷ್ಟೇ ಅನಾದಿಯಾಗಿರಲಿ, ಹೊಣೆಗೆ ಅವಧಿಯಿದೆ. ಆರಿಸುವ ಸಮುದಾಯ ಗುರುವಿಗಿಂತ ದೊಡ್ಡದು.

4. ಪ್ರೇಷಿತ ಪರಂಪರೆಯ ಬಹಿರಂಗತೆ

ಈಗ ನಮ್ಮ ಮನೆಗೆ ಬರೋಣ. ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದಲ್ಲಿ ಎರಡು ಸಲ, 11:23ರಲ್ಲಿ ಮತ್ತು 15:3ರಲ್ಲಿ, ತಾವು ಪಡೆದುದನ್ನೇ ಸಭೆಗೆ ಒಪ್ಪಿಸಿದ್ದಾಗಿ ಹೇಳುತ್ತಾರೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ 2:2ರಲ್ಲಿ ಒಂದೇ ವಾಕ್ಯದೊಳಗೆ ನಾಲ್ಕು ತಲೆಮಾರುಗಳಿವೆ: ಪೌಲರು, ತಿಮೊಥೇಯ, ನಂಬಿಗಸ್ತರು, ಅವರಿಂದ ಕಲಿಯುವ ಇತರರು. ಗುರುಪರಂಪರೆ ಎಂಬ ಪದ ಇದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ 11:23ರ ಗ್ರೀಕ್ ಮೂಲದಲ್ಲಿ ಎಚ್ಚರಿಕೆಯೊಂದು ಅಡಗಿದೆ. ‘ಪಾರಾಡಿಡೋಮಿ’ ಎಂಬ ಒಂದೇ ಕ್ರಿಯಾಪದ ಆ ವಚನದಲ್ಲಿ ಎರಡು ಸಲ ಬರುತ್ತದೆ. ಪೌಲರು ಪರಂಪರೆಯನ್ನು ಒಪ್ಪಿಸಿದರು, ಪ್ರಭುವನ್ನು ಆ ರಾತ್ರಿ ಹಿಡಿದುಕೊಡಲಾಯಿತು. ಒಪ್ಪಿಸುವುದಕ್ಕೂ ಹಿಡಿದುಕೊಡುವುದಕ್ಕೂ ಪದ ಒಂದೇ. ಒಪ್ಪಿಸುವ ಕೈಯೇ ದ್ರೋಹವೆಸಗಬಲ್ಲದು; ಪ್ರೇಷಿತರ ಸಾಲಿನಲ್ಲೇ ಯೂದನೂ ಕುಳಿತಿದ್ದನು.

ಎರಡನೆಯ ಶತಮಾನದ ವಿವಾದ ಈ ದೃಷ್ಟಿಯಿಂದ ಮತ್ತೆ ಓದತಕ್ಕದ್ದು. ನೋಸ್ಟಿಕ್ ಪಂಥಗಳಿಗೆ ಗುರುಪರಂಪರೆ ಇರಲಿಲ್ಲವೆಂದು ಭಾವಿಸುವವರುಂಟು. ಅದು ತಪ್ಪು. ವಲೆಂಟೀನಸನು ಪೌಲರ ಶಿಷ್ಯ ಥ್ಯೂಡಾಸನಿಂದ ಕಲಿತವನೆಂದು ಅವನ ಅನುಯಾಯಿಗಳು ಹೇಳಿಕೊಳ್ಳುತ್ತಿದ್ದರು. ಪ್ರೇಷಿತರಿಂದ ಎರಡೇ ಮೆಟ್ಟಿಲು. ಸುಮಾರು 180ರಲ್ಲಿ ಬರೆದ ಲಿಯೋನಿನ ಸಂತ ಇರೇನಿಯಸರಿಗೂ ಅಂಥದೇ ಸಾಲಿತ್ತು: ಯೊವಾನ್ನ, ಪೊಲಿಕಾರ್ಪ್, ತಾವು. ಉದ್ದವನ್ನು ಅಳೆದರೆ ಇಬ್ಬರೂ ಸಮ. ಇರೇನಿಯಸರ ವಾದ ಬೇರೆ ಕಡೆಗೆ ಹೋಯಿತು. ಗುಟ್ಟಿನ ಬೋಧೆಯೊಂದು ಇದ್ದಿದ್ದರೆ ಪ್ರೇಷಿತರು ಅದನ್ನು ತಾವು ಸಭೆಗಳನ್ನು ವಹಿಸಿಕೊಟ್ಟವರಿಗೇ ಮೊದಲು ತಿಳಿಸುತ್ತಿದ್ದರು. ಆ ಸಭೆಗಳಲ್ಲಿ ಬೋಧಿಸುವುದು ಎಲ್ಲರೂ ಕೇಳುವಂತಿದೆ. ಬೇಕಾದವರು ಹೋಗಿ ಒಂದನ್ನೊಂದು ಹೋಲಿಸಿ ನೋಡಲಿ ಎಂಬುದು ಅದರ ಸಾರ. ರೋಮಿನ ಧರ್ಮಾಧ್ಯಕ್ಷರ ಪಟ್ಟಿಯನ್ನು ಅವರು ಕೊಟ್ಟದ್ದು ಒಂದು ಬಹಿರಂಗ ದಾಖಲೆಯಾಗಿ. ಪ್ರೇಷಿತ ಪರಂಪರೆ ಹುಟ್ಟಿನಲ್ಲಿ ಗೋಪ್ಯತೆಯ ವಿರುದ್ಧದ ಮಾತು. ಅದನ್ನು ನಾವು ಪ್ರಶ್ನೆಗೆ ಅತೀತವಾದ ಘನತೆಯನ್ನಾಗಿ ಮಾಡಿಕೊಂಡಾಗಲೆಲ್ಲ ಇರೇನಿಯಸರ ಕೈಬಿಟ್ಟು ವಲೆಂಟೀನಸನ ಕೈಹಿಡಿಯುತ್ತೇವೆ.

ತಿದ್ದುವ ಶಿಷ್ಯನೂ ನಮ್ಮಲ್ಲಿದ್ದಾನೆ. ಅಂತಿಯೋಕ್ಯದಲ್ಲಿ ಪೌಲರು ಪೇತ್ರರನ್ನು ಎಲ್ಲರೆದುರು ವಿರೋಧಿಸಿದ್ದನ್ನು ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಮುಚ್ಚಿಡುವುದಿಲ್ಲ. ಆ ಪತ್ರ ಪವಿತ್ರ ಗ್ರಂಥದೊಳಗೆ ಸೇರಿತು, ಪೇತ್ರರ ಹೆಸರಿನಲ್ಲಿರುವ ಪತ್ರಗಳ ಪಕ್ಕದಲ್ಲೇ. 1965ರ ದೈವಪ್ರಕಟನೆಯ ಸಂವಿಧಾನದ 10ನೆಯ ಪರಿಚ್ಛೇದವೂ ಬೋಧನಾಧಿಕಾರ ದೇವರ ವಾಕ್ಯದ ಮೇಲಲ್ಲ, ಅದರ ಸೇವೆಯಲ್ಲಿದೆ ಎಂದು ನಿಲ್ಲಿಸುತ್ತದೆ. ನಮ್ಮ ಪರಂಪರೆಯ ವೈಶಿಷ್ಟ್ಯವಿರುವುದೂ ಇಲ್ಲೇ: ಮೂಲಗುರು ಗತಿಸಿಹೋದವರಲ್ಲ. ಪುನರುತ್ಥಾನರಾದ ಪ್ರಭು ಪವಿತ್ರಾತ್ಮರ ಮೂಲಕ ಸಭೆಯಲ್ಲಿ ಜೀವಿಸುತ್ತಿರುವುದರಿಂದ, ನಾವು ಅವರ ಗೈರುಹಾಜರಿಯನ್ನು ತುಂಬುವ ಪ್ರತಿನಿಧಿಗಳಾಗಬೇಕಿಲ್ಲ. ಅವರೆದುರು ನಾವು ಕೊನೆಯವರೆಗೂ ಶಿಷ್ಯರು.

5. ದೇಹ, ಸ್ಪರ್ಶ, ವಿಧೇಯತೆ

ಇದು ಬರಿಯ ಸಿದ್ಧಾಂತದ ಚರ್ಚೆಯಾಗಿ ಉಳಿಯದಿರಲು ಕಾರಣವಿದೆ. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಅವರು ಆಸನವನ್ನು ಸರಿಪಡಿಸುವ ನೆಪದಲ್ಲಿ ಅನುಚಿತವಾಗಿ ಮುಟ್ಟುತ್ತಿದ್ದರೆಂದು ಹಲವು ಶಿಷ್ಯೆಯರು ಮುಂದಿನ ವರ್ಷಗಳಲ್ಲಿ ಹೆಸರು ಹೇಳಿ ಬಹಿರಂಗವಾಗಿ ಸಾಕ್ಷ್ಯ ನುಡಿದರು. 2019ರಲ್ಲಿ ಅವರ ಮೊಮ್ಮಗ, ಉತ್ತರಾಧಿಕಾರಿಯೂ ಆಗಿದ್ದ ಶರತ್ ಜೋಯಿಸ್, ತಾವೂ ಅಂಥದನ್ನು ಕಂಡದ್ದಾಗಿ ಒಪ್ಪಿ ಸಾರ್ವಜನಿಕವಾಗಿ ವಿಷಾದ ವ್ಯಕ್ತಪಡಿಸಿದರು. 2024ರ ನವೆಂಬರಿನಲ್ಲಿ ಶರತ್ ಅವರೂ ಅಕಾಲದಲ್ಲಿ ನಿಧನರಾದಾಗ ‘ಇನ್ನು ಪರಂಪರೆ ಯಾರದು’ ಎಂಬ ಪ್ರಶ್ನೆ ಅವರ ಅನುಯಾಯಿಗಳಲ್ಲಿ ಎದ್ದಿತು. ನಮಗೆ ಅದಕ್ಕಿಂತ ಹಿಂದಿನ ಪ್ರಶ್ನೆ ಮುಖ್ಯ: ಆ ಶಿಷ್ಯೆಯರ ಮಾತು ಅಷ್ಟು ವರ್ಷ ಏಕೆ ಕೇಳಿಸಲಿಲ್ಲ? ತಪ್ಪಕ್ಷರವನ್ನು ಅವರು ತಮ್ಮ ದೇಹದಲ್ಲೇ ಗುರುತಿಸಿದ್ದರು. ಆದರೆ ಅರಿಕೆ ಮಾಡಿಕೊಳ್ಳಲು ಗುರುವಿನ ಹೊರತು ಬೇರೆ ಬಾಗಿಲಿರಲಿಲ್ಲ. ಗುರುವಿನ ಕೈ ತಪ್ಪಲಾರದೆಂಬ ನಂಬಿಕೆ ಅವರದೇ ಅರಿವನ್ನು ಅವರ ವಿರುದ್ಧ ತಿರುಗಿಸಿತು.

ಈ ಭಾಗವನ್ನು ಓದಿ ನೆಮ್ಮದಿಪಡುವ ಹಕ್ಕು ನಮಗಿಲ್ಲ. ಬೆಂಗಳೂರಿನ ಆಶಾನಿಕೇತನದ ಮೂಲಕ ನಮ್ಮ ನಾಡಿಗೂ ಪರಿಚಿತವಾದ ಲಾರ್ಶ್ ಸಮುದಾಯದ ಸ್ಥಾಪಕ ಜಾನ್ ವಾನಿಯೇ ಅವರ ಕುರಿತು ಆ ಸಮುದಾಯವೇ 2020ರಲ್ಲಿ ತನಿಖಾ ವರದಿ ಪ್ರಕಟಿಸಿತು. ಡೊಮಿನಿಕನ್ ಗುರು ತೋಮಾಸ್ ಫಿಲಿಪ್ ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಸ್ತ್ರೀಯರನ್ನು ದುರುಪಯೋಗಿಸಿಕೊಂಡದ್ದಕ್ಕೆ 1956ರಲ್ಲೇ ರೋಮಿನಿಂದ ದಂಡನೆಗೊಳಗಾಗಿದ್ದರು. ಅವರ ಗುಟ್ಟಿನ ‘ಅನುಭಾವ’ವನ್ನು ಶಿಷ್ಯ ವಾನಿಯೇ ಪಡೆದು, ಅದೇ ಬಗೆಯಲ್ಲಿ ನಡೆದುಕೊಂಡಿದ್ದರು. ಅದೂ ಒಂದು ಗುರುಪರಂಪರೆ: ಗುರುವಿನಿಂದ ಶಿಷ್ಯನಿಗೆ, ಗೋಪ್ಯವಾಗಿ, ಪವಿತ್ರ ಮಾತುಗಳಲ್ಲಿ ಸುತ್ತಿ ಒಪ್ಪಿಸಿದ್ದು. ಇರೇನಿಯಸರು ಭಯಪಟ್ಟದ್ದು ಇದಕ್ಕೇ. ಶರತ್ ಜೋಯಿಸರ ಹೇಳಿಕೆ ಬಂದ 2019ರಲ್ಲೇ ಜಗದ್ಗುರು ಫ್ರಾನ್ಸಿಸರು ಧರ್ಮಾಧ್ಯಕ್ಷರನ್ನೂ ಒಳಗೊಂಡಂತೆ ಇಂಥ ದೂರುಗಳಿಗೆ ಉತ್ತರದಾಯಿತ್ವದ ನಿಯಮಗಳನ್ನು ಹೊರಡಿಸಿದರೆಂಬುದು ಕಾಕತಾಳೀಯವಿರಬಹುದು. ಆದರೆ ಎರಡೂ ಮನೆಗಳ ರೋಗ ಒಂದೇ ಎಂಬುದಕ್ಕೆ ಅದು ಸಾಕ್ಷಿ.

6. ಗುರುಮಠಕ್ಕೆ ಸಲ್ಲುವ ಮಾತು

ಯೋಗದೊಡನೆ ಸಂವಾದ ನಡೆಸಿದ ಇಬ್ಬರು ಬೆನೆಡಿಕ್ಟೀನ್ ಸನ್ಯಾಸಿಗಳು ಎರಡು ತುದಿಗಳಲ್ಲಿ ನಿಂತಿದ್ದಾರೆ. ಜಾನ್-ಮಾರಿ ದೆಶಾನೆ 1956ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಆಸನವನ್ನು ತೆಗೆದುಕೊಂಡರು, ಗುರುವನ್ನು ಬಿಟ್ಟರು. ಅಭಿಷಿಕ್ತಾನಂದರೆನಿಸಿದ ಆಂರಿ ಲ ಸೋ ತಪೋವನದ ಜ್ಞಾನಾನಂದಗಿರಿಗಳಲ್ಲಿ ಗುರುವನ್ನು ಕಂಡರು. ಆಸನಗಳು ಅವರಿಗೆ ಮುಖ್ಯವಾಗಲಿಲ್ಲ. ಮೊದಲನೆಯದು ಸುರಕ್ಷಿತ, ಆದರೆ ತಂತ್ರವನ್ನು ಬಾಂಧವ್ಯದಿಂದ ಕತ್ತರಿಸಿದಾಗ ಉಳಿಯುವುದು ಪಠ್ಯಪುಸ್ತಕ. ಎರಡನೆಯದು ಆಳವಾದುದು, ಆದರೆ ಏಕೈಕ ಗುರುವಿಗೂ ಎದುರಿಗೆ ಕಂಡ ಗುರುವಿಗೂ ನಡುವಿನ ಬಿಗಿತ ಅವರನ್ನು 1973ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ವಿಶ್ವಾಸಬೋಧನಾ ಪೀಠ 1989ರ ಅಕ್ಟೋಬರ್ 15ರಂದು ಹೊರಡಿಸಿದ ಧ್ಯಾನದ ಕುರಿತಾದ ಪತ್ರ, ಪೂರ್ವದೇಶಗಳ ವಿಧಾನಗಳಲ್ಲಿ ಉಪಯುಕ್ತವಾದುದನ್ನು ಸ್ವೀಕರಿಸಬಹುದೆನ್ನುತ್ತಲೇ, ದೇಹದ ಸುಖಾನುಭವವನ್ನು ಆತ್ಮದ ಅನುಗ್ರಹವೆಂದು ತಿಳಿಯಬಾರದೆಂದು ಎಚ್ಚರಿಸಿತು. ಎಚ್ಚರಿಕೆ ಯುಕ್ತವಾದುದೇ. ಆದರೆ ಅದು ವಿಧಾನವನ್ನು ಪರೀಕ್ಷಿಸುವಷ್ಟು ಗುರುವನ್ನು ಪರೀಕ್ಷಿಸುವುದಿಲ್ಲ. ನಮ್ಮ ಯುವಜನರ ಶಿಬಿರಕ್ಕೆ ಯೋಗಶಿಕ್ಷಕರೊಬ್ಬರು ಬಂದಾಗ ಯಾವ ಆಸನ, ಯಾವ ಮಂತ್ರ ಎಂದು ವಿಚಾರಿಸುವ ನಾವು, ಅವರು ಯಾರಿಗೆ ಉತ್ತರದಾಯಿ, ಮುಟ್ಟುವ ಮುನ್ನ ಅನುಮತಿ ಕೇಳುತ್ತಾರೆಯೇ, ದೂರಿದ್ದರೆ ಯಾರ ಬಳಿ ಹೇಳಬೇಕು ಎಂದು ವಿಚಾರಿಸುವುದು ಅಪರೂಪ. ಧ್ಯಾನಕೂಟಕ್ಕೆ ಕ್ರೈಸ್ತ ಬೋಧಕರು ಬಂದಾಗಲೂ ಅಷ್ಟೇ ಅಪರೂಪ.

ಯೋಗಪರಂಪರೆ ನಮ್ಮನ್ನು ವಿಮರ್ಶಿಸುವ ಅಂಶವೂ ಒಂದುಂಟು. ಅದನ್ನು ಹೇಳದಿದ್ದರೆ ಲೇಖನ ಪಕ್ಷಪಾತವಾದೀತು. ಗುರುಮಠದಲ್ಲಿ ನಾವು ಪ್ರಾರ್ಥನೆಯ ದೈವಶಾಸ್ತ್ರವನ್ನು ಪಠ್ಯವಾಗಿ ಓದುತ್ತೇವೆ, ಪರೀಕ್ಷೆ ಬರೆಯುತ್ತೇವೆ. ಮುಂಜಾನೆಯ ಕತ್ತಲಲ್ಲಿ ಪಕ್ಕದಲ್ಲಿ ಕುಳಿತು, ನಮ್ಮ ಚಂಚಲತೆಯನ್ನು ಹೆಸರಿಟ್ಟು ತೋರಿಸಿ, ವರ್ಷಗಟ್ಟಲೆ ಒಂದೇ ಅಭ್ಯಾಸವನ್ನು ಕೈಹಿಡಿದು ನಡೆಸುವ ಹಿರಿಯರು ಎಷ್ಟು ಮಂದಿಗೆ ದೊರಕಿದ್ದಾರೆ? ಪದವಿಯ ಯೋಗ ಮತ್ತು ಗುರುವಿನ ಯೋಗದ ನಡುವಿನ ಅಂತರ ನಮ್ಮಲ್ಲೂ ಇದೆ. ಪೌಲರು ತಿಮೊಥೇಯನಿಗೆ ಒಪ್ಪಿಸಿದ್ದು ಬೋಧೆಯನ್ನಷ್ಟೇ ಅಲ್ಲ; ಎರಡನೆಯ ಪತ್ರದ 3:10-11 ಹೇಳುವಂತೆ ತಮ್ಮ ನಡತೆ, ತಾಳ್ಮೆ, ಅನುಭವಿಸಿದ ಹಿಂಸೆ ಎಲ್ಲವನ್ನೂ. ಪರೀಕ್ಷೆಗೆ ತೆರೆದುಕೊಳ್ಳಬೇಕೆಂದು ವಾದಿಸುವ ಭರದಲ್ಲಿ ಈ ಸಾಮೀಪ್ಯವನ್ನೇ ಅನುಮಾನಿಸಿದರೆ, ರೋಗದೊಡನೆ ರೋಗಿಯನ್ನೂ ಕಳೆದುಕೊಳ್ಳುತ್ತೇವೆ.

ನಾಳೆ ಗುರುದೀಕ್ಷೆ ಹೊಂದಲಿರುವವರಿಗೆ ಧರ್ಮಾಧ್ಯಕ್ಷರ ಹಸ್ತನಿಕ್ಷೇಪದ ಮೂಲಕ ಬರುವ ಸಾಲು ಬಹಳ ಉದ್ದವಾದುದು. ಅದು ನಮ್ಮ ಮಾತನ್ನು ಸತ್ಯವನ್ನಾಗಿ ಮಾಡುವುದಿಲ್ಲ. ನಮ್ಮ ಮಾತನ್ನು ಹೋಲಿಸಿ ನೋಡಲು ಇತರರಿಗೊಂದು ಮೂಲವನ್ನು ಕೊಡುತ್ತದೆ. ಧರ್ಮಕೇಂದ್ರದಲ್ಲಿ ಒಂದು ದಿನ ಉಪದೇಶಿಯೊಬ್ಬರೋ, ಕನ್ಯಾಸ್ತ್ರೀಯೊಬ್ಬರೋ, ಹದಿನಾರರ ಹುಡುಗಿಯೋ ಬಂದು ‘ಗುರುಗಳೇ, ನೀವು ಹೇಳಿದ್ದರಲ್ಲಿ, ಮಾಡಿದ್ದರಲ್ಲಿ ಇದು ಸರಿಯಿಲ್ಲ’ ಎಂದಾರು. ಅವರನ್ನು ವಿಧೇಯತೆಯ ಮಾತಿನಿಂದ ಸುಮ್ಮನಾಗಿಸಿದರೆ ಪರಂಪರೆ ಅಲ್ಲಿಗೆ ಕಡಿಯಿತು, ಪಟ್ಟಿಯಲ್ಲಿ ಹೆಸರು ಮುಂದುವರಿದರೂ. ಧರಸೇನರಂತೆ ಕೇಳಿಸಿಕೊಂಡು ತಿದ್ದಿಕೊಂಡರೆ, ನಾವು ಪಡೆದುದನ್ನು ಒಪ್ಪಿಸಲು ತಕ್ಕವರು ಸಿಕ್ಕಿದರೆಂದು ತಿಳಿಯಬಹುದು.